ಗೆದ್ದರೂ ಆರು ಅಂಕ ಇಳಿಯಿತು: ಚೆಸ್‌ನಲ್ಲಿ ಚಾಂಪಿಯನ್ ಒಬ್ಬರು, ನಂಬರ್ ಒನ್ ಇನ್ನೊಬ್ಬರು ಯಾಕೆ?

2025ರ ಜನವರಿ 1ರಂದು ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಎಂದಿನಂತೆ ತನ್ನ ತಿಂಗಳ ರೇಟಿಂಗ್ ಪಟ್ಟಿ ಪ್ರಕಟಿಸಿತು. ಡಿ. ಗುಕೇಶ್ ಹೆಸರಿನ ಮುಂದೆ 2777 ಎಂದಿತ್ತು. ಹಿಂದಿನ ತಿಂಗಳು ಅದು 2783 ಇತ್ತು. ಅಂದರೆ ಆರು ಅಂಕ ಕಡಿಮೆ.

ಆ ಒಂದು ತಿಂಗಳಲ್ಲಿ ಗುಕೇಶ್ ಮಾಡಿದ್ದೇನು? ವಿಶ್ವ ಚಾಂಪಿಯನ್ ಆಗಿದ್ದರು! 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್ ಅವರನ್ನು 7.5–6.5 ಅಂಕಗಳಿಂದ ಸೋಲಿಸಿದ್ದರು. ಆಗ ಅವರಿಗೆ 18 ವರ್ಷ. ಚೆಸ್ ಇತಿಹಾಸದಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ನಿರ್ವಿವಾದ ಚಾಂಪಿಯನ್ ಆದವರು ಇನ್ನೊಬ್ಬರಿಲ್ಲ. ಅದಕ್ಕೂ ಮುಂಚೆ ದಾಖಲೆ ಇದ್ದದ್ದು ಗ್ಯಾರಿ ಕಾಸ್ಪರೋವ್ ಹೆಸರಲ್ಲಿ. ಅವರು 1985ರಲ್ಲಿ ಕಿರೀಟ ಗೆದ್ದಾಗ 22 ವರ್ಷ.

ಗೆದ್ದವರ ಅಂಕ ಇಳಿಯುವುದು ಅಂದರೇನು? ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಗುಕೇಶ್ ಚಾಂಪಿಯನ್ ಆದ ದಿನ ರೇಟಿಂಗ್ ಪಟ್ಟಿಯಲ್ಲಿ ಅವರು ಐದನೆಯವರು. ಮೊದಲನೆಯವರು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್. ಅದೂ ಹೋಗಲಿ, ಭಾರತದೊಳಗೇ ಗುಕೇಶ್ ನಂಬರ್ ಒನ್ ಆಗಿರಲಿಲ್ಲ. ತೆಲಂಗಾಣದ ಅರ್ಜುನ್ ಎರಿಗೈಸಿ 2801 ಅಂಕಗಳೊಂದಿಗೆ ಅವರಿಗಿಂತ ಮೇಲಿದ್ದರು. ಟಿವಿಯಲ್ಲಿ ಸುದ್ದಿ ನೋಡಿ ಖುಷಿಪಟ್ಟು, ಆಮೇಲೆ ಪಟ್ಟಿ ನೋಡಿ ತಲೆ ಕೆರೆದುಕೊಂಡವರು ಬಹಳ ಮಂದಿ. ಚೆಸ್ ಲೋಕದ ಈ ಲೆಕ್ಕಾಚಾರವನ್ನು ಮೊದಲಿಂದ ಬಿಡಿಸಿ ನೋಡೋಣ.

ಗದೆ ಬೇರೆ, ಗುಣಪಟ್ಟಿ ಬೇರೆ

ಕ್ರಿಕೆಟ್ ನೋಡುವವರಿಗೆ ಇದರ ಅರ್ಧ ಗೊತ್ತೇ ಇರುತ್ತದೆ. ವಿಶ್ವಕಪ್ ಗೆದ್ದ ತಂಡ ಒಂದಾದರೆ ರ‍್ಯಾಂಕಿಂಗ್‌ನಲ್ಲಿ ಮೇಲಿರುವ ತಂಡ ಇನ್ನೊಂದಾಗಿರಬಹುದು. ಒಂದು, ಕೆಲವು ವಾರಗಳಲ್ಲಿ ಗೆದ್ದದ್ದು. ಇನ್ನೊಂದು, ವರ್ಷಗಟ್ಟಲೆ ಆಡಿದ್ದರ ಮೊತ್ತ.

ಆದರೆ ಚೆಸ್ ಕಿರೀಟಕ್ಕೆ ಕ್ರಿಕೆಟ್‌ಗಿಂತ ಕುಸ್ತಿಯ ಹೋಲಿಕೆ ಜಾಸ್ತಿ ಹೊಂದುತ್ತದೆ. ಪೈಲ್ವಾನನ ಹತ್ತಿರ ಗದೆ ಇದೆ. ಅವನು ಅದನ್ನು ಇಟ್ಟುಕೊಂಡು ಕಾಯುತ್ತಾನೆ. ಉಳಿದವರೆಲ್ಲ ತಮ್ಮತಮ್ಮಲ್ಲೇ ಹೋರಾಡಿ, ಕೊನೆಗೆ ಉಳಿದ ಒಬ್ಬ ಬಂದು ಸವಾಲು ಹಾಕುತ್ತಾನೆ. ಗದೆ ಕೈ ಬದಲಾಗುವುದು ಆ ಒಂದು ಕುಸ್ತಿಯಲ್ಲಿ ಮಾತ್ರ. ನಡುವೆ ಪೈಲ್ವಾನ ಬೇರೆ ಊರಿನ ಜಾತ್ರೆಯಲ್ಲಿ ಯಾರಿಗೋ ಸೋತರೆ ಮರ್ಯಾದೆ ಹೋಗಬಹುದು, ಗದೆ ಹೋಗುವುದಿಲ್ಲ.

ಇದು ನಿಜವಾಗಿಯೂ ನಡೆಯಿತು. 2025ರ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಗೋವಾದಲ್ಲಿ ಚೆಸ್ ವಿಶ್ವಕಪ್ ನಡೆದಾಗ ಗುಕೇಶ್ ಮೂರನೇ ಸುತ್ತಿನಲ್ಲೇ ಜರ್ಮನಿಯ ಫ್ರೆಡರಿಕ್ ಸ್ವೇನ್ ಅವರಿಗೆ ಸೋತು ಹೊರಬಿದ್ದರು. ವಿಶ್ವಕಪ್‌ನಲ್ಲಿ ಸೋತ ಮೇಲೂ ಅವರು ವಿಶ್ವ ಚಾಂಪಿಯನ್ನೇ. ಹೆಸರುಗಳ ಈ ಗಲಿಬಿಲಿಗೆ ಫಿಡೆಯನ್ನೇ ದೂರಬೇಕು. ಚೆಸ್‌ನಲ್ಲಿ ‘ವಿಶ್ವಕಪ್’ ಅಂದರೆ ಅಂತಿಮ ಗುರಿ ಅಲ್ಲ, ಕಿರೀಟದ ದಾರಿಯಲ್ಲಿ ಬರುವ ಒಂದು ನಿಲ್ದಾಣ. ಆ ದಾರಿಯ ವಿಚಾರ ಆಮೇಲೆ. ಮೊದಲು ರೇಟಿಂಗ್.

ಹತ್ತು ಗೋಲಿಗಳ ಲೆಕ್ಕ

ಈಗ ಎಲ್ಲ ಕಡೆ ಬಳಸುವ ರೇಟಿಂಗ್ ಪದ್ಧತಿಗೆ ಈಲೊ ಎಂದು ಹೆಸರು. ಅದೇನು ಸಂಕ್ಷಿಪ್ತ ರೂಪವಲ್ಲ, ಒಬ್ಬ ಮನುಷ್ಯನ ಹೆಸರು. ಆರ್ಪಾಡ್ ಈಲೊ ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಭೌತಶಾಸ್ತ್ರದ ಮೇಷ್ಟರಾದವರು. ತಾವೂ ಒಳ್ಳೆಯ ಆಟಗಾರರು. ಅವರು ರೂಪಿಸಿದ ಲೆಕ್ಕವನ್ನು ಫಿಡೆ 1970ರಲ್ಲಿ ಒಪ್ಪಿಕೊಂಡಿತು.

ಅದರ ಒಳಗುಟ್ಟು ಸರಳ. ಇಬ್ಬರು ಹುಡುಗರು ಗೋಲಿ ಆಡುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರೂ ಸೇರಿ ನಡುವೆ ಹತ್ತು ಗೋಲಿ ಇಡಬೇಕು. ಗೆದ್ದವನು ಹತ್ತನ್ನೂ ಎತ್ತಿಕೊಳ್ಳುತ್ತಾನೆ. ಆಟ ಸಮ ಆದರೆ ಐದು, ಐದು. ಇಬ್ಬರೂ ಸರಿಸಮ ಆಟಗಾರರಾದರೆ ಪ್ರಶ್ನೆಯೇ ಇಲ್ಲ, ತಲಾ ಐದು ಇಡುತ್ತಾರೆ.

ಆದರೆ ಒಬ್ಬ ಪಳಗಿದ ಗುರಿಕಾರ, ಇನ್ನೊಬ್ಬ ನಿನ್ನೆ ಕಲಿತವನು ಆಗಿದ್ದರೆ? ತಲಾ ಐದು ಇಟ್ಟರೆ ಸಂಜೆಯೊಳಗೆ ಹೊಸಬನ ಜೇಬು ಖಾಲಿ. ಅದು ನ್ಯಾಯವಲ್ಲ. ಹಾಗಾಗಿ ನಿಯಮ ಹೀಗೆ: ಗುರಿಕಾರ ಒಂಬತ್ತು ಗೋಲಿ ಇಡಬೇಕು, ಹೊಸಬ ಒಂದು ಇಟ್ಟರೆ ಸಾಕು. ಗುರಿಕಾರ ಗೆದ್ದರೆ ಅವನಿಗೆ ಸಿಗುವ ಲಾಭ ಒಂದೇ ಗೋಲಿ. ಸೋತರೆ ಒಂಬತ್ತು ಹೋಯಿತು. ಆಟ ಸಮ ಆದರೂ ಒಂಬತ್ತು ಇಟ್ಟು ಐದು ವಾಪಸ್ ಪಡೆದ ಹಾಗೆ, ನಾಲ್ಕು ನಷ್ಟ.

ಇದು ಬರೀ ಕಥೆಯಲ್ಲ. ಅಗ್ರ ಆಟಗಾರರ ರೇಟಿಂಗ್ ಹೆಚ್ಚುಕಡಿಮೆ ಹೀಗೇ ಏರಿಳಿಯುತ್ತದೆ. ಇಬ್ಬರ ನಡುವೆ 400 ಅಂಕಗಳ ಅಂತರ ಇದ್ದರೆ ಮೇಲಿನವರು ಸರಾಸರಿ 100 ಆಟಕ್ಕೆ 91 ಅಂಕ ಗಳಿಸಬೇಕು ಎನ್ನುತ್ತದೆ ಈಲೊ ಲೆಕ್ಕ. 200 ಅಂತರ ಇದ್ದರೆ 76. 100 ಇದ್ದರೆ 64. ಅಂತರ ಸೊನ್ನೆಯಾದರೆ 50. ಚೆಸ್‌ನಲ್ಲಿ ಗೆಲುವಿಗೆ ಒಂದು ಅಂಕ, ಡ್ರಾಗೆ ಅರ್ಧ, ಸೋಲಿಗೆ ಸೊನ್ನೆ. ಹಾಗಾಗಿ ಯಾರಿಗೆ ಎಷ್ಟು ಬರಬೇಕಿತ್ತು, ಎಷ್ಟು ಬಂತು ಎಂದು ಕಳೆದು ನೋಡಿದರೆ ಮುಗಿಯಿತು.

ಈಗ ಸಿಂಗಪುರಕ್ಕೆ ಹೋಗೋಣ. ಪಂದ್ಯದ ಹೊತ್ತಿಗೆ ಗುಕೇಶ್ ರೇಟಿಂಗ್ 2783, ಡಿಂಗ್ ಅವರದ್ದು 2728. ಅಂತರ 55. ಫಿಡೆಯ ಕೋಷ್ಟಕದ ಪ್ರಕಾರ ಈ ಅಂತರಕ್ಕೆ ಮೇಲಿನವರ ನಿರೀಕ್ಷಿತ ಗಳಿಕೆ ಒಂದು ಆಟಕ್ಕೆ 0.58. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, ಪ್ರತಿ ಆಟಕ್ಕೂ ಗುಕೇಶ್ 5.8 ಗೋಲಿ ಇಟ್ಟರು, ಡಿಂಗ್ 4.2 ಇಟ್ಟರು. ಒಟ್ಟು 14 ಆಟ. ಗುಕೇಶ್ ಇಟ್ಟದ್ದು 81.2 ಗೋಲಿ. ಮೂರು ಆಟ ಗೆದ್ದು, ಎರಡು ಸೋತು, ಒಂಬತ್ತು ಡ್ರಾ ಮಾಡಿಕೊಂಡು ಅವರು ವಾಪಸ್ ತಂದದ್ದು 75. ನಷ್ಟ 6.2. ಹತ್ತಿರದ ಪೂರ್ಣ ಸಂಖ್ಯೆ ಆರು.

ಅಷ್ಟೇ. ಕಿರೀಟಕ್ಕೆ ಎದುರಾಳಿಗಿಂತ ಒಂದು ಅಂಕ ಜಾಸ್ತಿ ಇದ್ದರೆ ಸಾಕಿತ್ತು. ರೇಟಿಂಗ್ ಮಾತ್ರ ‘ಇನ್ನೂ ಸ್ವಲ್ಪ ದೊಡ್ಡ ಅಂತರದಲ್ಲಿ ಗೆಲ್ಲಬೇಕಿತ್ತು’ ಎಂದಿತು. ಅದಕ್ಕೆ ಕಿರೀಟ ಗಿರೀಟ ಏನೂ ಗೊತ್ತಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನ ಆಟವೂ ಒಂದೇ, ಯಾವುದೋ ಊರಿನ ಸಮುದಾಯ ಭವನದಲ್ಲಿ ನಡೆದ ಫಿಡೆ ಮಾನ್ಯತೆಯ ಆಟವೂ ಒಂದೇ.

ಒಂದು ಸಣ್ಣ ಸೇರಿಕೆ. ಹತ್ತು ಗೋಲಿಯ ನಿಯಮ 2400 ರೇಟಿಂಗ್ ಮುಟ್ಟಿದವರಿಗೆ. ಅದಕ್ಕಿಂತ ಕೆಳಗಿನವರಿಗೆ ಸಾಮಾನ್ಯವಾಗಿ 20, ಹೊಸಬರಿಗೆ ಮತ್ತು ಹೆಚ್ಚಿನ ಮಕ್ಕಳಿಗೆ 40 ಗೋಲಿ ಲೆಕ್ಕ. ಅದಕ್ಕೇ ನಿಮ್ಮ ಮನೆಯ ಮಗುವಿನ ರೇಟಿಂಗ್ ಒಂದೇ ಟೂರ್ನಿಯಲ್ಲಿ ನೂರು ಏರಿ, ಮುಂದಿನ ಟೂರ್ನಿಯಲ್ಲಿ ಎಂಬತ್ತು ಇಳಿಯುತ್ತದೆ. ಗಾಬರಿಯಾಗಬೇಡಿ. ಕಾರ್ಲ್‌ಸನ್‌ಗೆ ಹಾಗೆ ಆಗುವುದಿಲ್ಲ, ಮಗುವಿಗೆ ಆಗುತ್ತದೆ. ಪದ್ಧತಿ ಇರುವುದೇ ಹಾಗೆ.

2500, 2800 ಅಂದರೆ ಎಷ್ಟು ಎತ್ತರ?

ಅಂಕಿಗಳಿಗೆ ಒಂದು ಅಳತೆಗೋಲು ಬೇಕು. ಚೆಸ್‌ನ ಅತಿ ದೊಡ್ಡ ಪದವಿಯಾದ ಗ್ರ್ಯಾಂಡ್‌ಮಾಸ್ಟರ್ ಆಗಲು ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು. ಜೊತೆಗೆ ಮೂರು ‘ನಾರ್ಮ್’ ಬೇಕು. ನಾರ್ಮ್ ಅಂದರೆ, ಬಲವಾದ ಅಂತರರಾಷ್ಟ್ರೀಯ ಟೂರ್ನಿಯೊಂದರಲ್ಲಿ 2600 ಮಟ್ಟದ ಆಟ ಆಡಿ ತೋರಿಸುವುದು. ಎದುರಾಳಿಗಳಲ್ಲಿ ಸಾಕಷ್ಟು ಗ್ರ್ಯಾಂಡ್‌ಮಾಸ್ಟರ್‌ಗಳಿರಬೇಕು, ಬೇರೆ ದೇಶದವರಿರಬೇಕು ಎಂಬ ಷರತ್ತುಗಳೂ ಇವೆ. ಒಮ್ಮೆ ಪದವಿ ಬಂದರೆ ಅದು ಜೀವನಪೂರ್ತಿ. ಡಾಕ್ಟರೇಟ್ ಇದ್ದ ಹಾಗೆ. ರೇಟಿಂಗ್ ಮಾತ್ರ ಬ್ಯಾಂಕ್ ಬ್ಯಾಲೆನ್ಸ್ ತರಹ ಏರುತ್ತದೆ, ಇಳಿಯುತ್ತದೆ.

ಭಾರತಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 1988ರಲ್ಲಿ, ವಿಶ್ವನಾಥನ್ ಆನಂದ್. ಕರ್ನಾಟಕ ಅಲ್ಲಿಂದ ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು. 2017ರಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ 15ನೇ ವಯಸ್ಸಿಗೆ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್ ಆದರು.

ಈ ನಾರ್ಮ್‌ಗಳ ದಾರಿಯನ್ನು ಬಿಟ್ಟು ನೇರವಾಗಿ ಒಳಗೆ ಹೋಗುವ ಬಾಗಿಲೂ ಒಂದಿದೆ. 2025ರ ಜುಲೈ 28ರಂದು ಜಾರ್ಜಿಯಾದ ಬಟೂಮಿಯಲ್ಲಿ ನಾಗಪುರದ 19 ವರ್ಷದ ದಿವ್ಯಾ ದೇಶಮುಖ್ ಆ ಬಾಗಿಲಿನಿಂದ ಒಳಗೆ ಹೋದರು. ಮಹಿಳಾ ವಿಶ್ವಕಪ್‌ನ ಫೈನಲ್‌ನಲ್ಲಿ ಅವರು ಎದುರಿಸಿದ್ದು ತಮಗಿಂತ ಎರಡು ಪಟ್ಟು ವಯಸ್ಸಿನ ಕೊನೇರು ಹಂಪಿ ಅವರನ್ನು. ಮೊದಲ ಎರಡು ಆಟ ಡ್ರಾ. ಟೈಬ್ರೇಕ್‌ನಲ್ಲಿ, ಅಂದರೆ ಸಮಬಲ ಮುರಿಯಲು ಆಡಿಸುವ ವೇಗದ ಆಟಗಳಲ್ಲಿ, ದಿವ್ಯಾ 1.5–0.5ರಿಂದ ಗೆದ್ದರು. ಆ ಟೂರ್ನಿ ಗೆದ್ದವರಿಗೆ ಗ್ರ್ಯಾಂಡ್‌ಮಾಸ್ಟರ್ ಪದವಿ ನೇರವಾಗಿ ಸಿಗುತ್ತದೆ. ಬಟೂಮಿಗೆ ಹೋಗುವಾಗ ಅವರ ಬಳಿ ಒಂದೂ ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಇರಲಿಲ್ಲ, ರೇಟಿಂಗ್ 2500ಕ್ಕಿಂತ ಕೆಳಗಿತ್ತು. ವಾಪಸ್ ಬಂದದ್ದು ದೇಶದ 88ನೇ ಗ್ರ್ಯಾಂಡ್‌ಮಾಸ್ಟರ್ ಆಗಿ.

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಕೂತು ಆಡುವ ಆಟದಲ್ಲಿ ಮಹಿಳೆಯರಿಗೆ ಬೇರೆ ವಿಭಾಗ ಯಾಕೆ? ನಿಜ ಹೇಳಬೇಕೆಂದರೆ ಚೆಸ್‌ನಲ್ಲಿ ಪುರುಷರ ವಿಭಾಗ ಅಂತ ಒಂದಿಲ್ಲ. ಇರುವುದು ಮುಕ್ತ ವಿಭಾಗ ಮತ್ತು ಮಹಿಳಾ ವಿಭಾಗ. ಮುಕ್ತ ವಿಭಾಗದಲ್ಲಿ ಯಾರು ಬೇಕಾದರೂ ಆಡಬಹುದು. ಹಂಗೇರಿಯ ಜುಡಿತ್ ಪೋಲ್ಗಾರ್ ಮಹಿಳಾ ವಿಶ್ವ ಕಿರೀಟಕ್ಕೆ ಆಡುವ ಗೋಜಿಗೇ ಹೋಗದೆ, ಮುಕ್ತ ವಿಭಾಗದಲ್ಲಿ ಜಗತ್ತಿನ ಎಂಟನೇ ಸ್ಥಾನದವರೆಗೆ ಏರಿದ್ದರು. ಆಡುವವರಲ್ಲಿ ಹೆಣ್ಣುಮಕ್ಕಳು ಬಹಳ ಕಡಿಮೆ ಇರುವುದರಿಂದ ಅವರಿಗೊಂದು ವೇದಿಕೆ, ಬಹುಮಾನ, ಪೈಪೋಟಿ ಸಿಗಲಿ ಎಂದು ಪ್ರತ್ಯೇಕ ಟೂರ್ನಿಗಳಿವೆ. ಹಾಗೆಯೇ ‘ಮಹಿಳಾ ಗ್ರ್ಯಾಂಡ್‌ಮಾಸ್ಟರ್’ ಎಂಬ ಪದವಿ ಬೇರೆ, ‘ಗ್ರ್ಯಾಂಡ್‌ಮಾಸ್ಟರ್’ ಬೇರೆ. ಮೊದಲನೆಯದರ ಮಟ್ಟ ಕೆಳಗಿನದು. ದಿವ್ಯಾಗೆ ಬಟೂಮಿಯಲ್ಲಿ ಸಿಕ್ಕಿದ್ದು ಎರಡನೆಯದು. ಅವರಿಗಿಂತ ಮುಂಚೆ ಅದನ್ನು ಪಡೆದ ಭಾರತದ ಮಹಿಳೆಯರು ಮೂವರೇ: ಹಂಪಿ, ಹಾರಿಕಾ ದ್ರೋಣವಲ್ಲಿ, ಆರ್. ವೈಶಾಲಿ.

ಇನ್ನು 2800. ಭಾರತದಲ್ಲಿ ಆ ಗೆರೆಯನ್ನು ಅಧಿಕೃತ ಪಟ್ಟಿಯಲ್ಲಿ ಮೊದಲು ದಾಟಿದವರು ಆನಂದ್, ಎರಡನೆಯವರು ಅರ್ಜುನ್. ಗುಕೇಶ್ 2024ರ ಅಕ್ಟೋಬರ್‌ನಲ್ಲಿ 2794ರವರೆಗೆ ಬಂದಿದ್ದರು. ಕಾರ್ಲ್‌ಸನ್ 2014ರ ಮೇನಲ್ಲಿ 2882 ಮುಟ್ಟಿದರು. ಮನುಷ್ಯರಲ್ಲಿ ಅಷ್ಟು ಎತ್ತರಕ್ಕೆ ಬೇರೆ ಯಾರೂ ಹೋಗಿಲ್ಲ.

ಹಾಗಾದರೆ ಕಾರ್ಲ್‌ಸನ್ ಯಾಕೆ ಚಾಂಪಿಯನ್ ಅಲ್ಲ?

ಅವರೇ ಬಿಟ್ಟುಕೊಟ್ಟರು. ಉತ್ತರ ಇಷ್ಟೇ, ಆದರೆ ಹಿನ್ನೆಲೆ ಸ್ವಲ್ಪ ಇದೆ.

2013ರಲ್ಲಿ ಚೆನ್ನೈನಲ್ಲಿ ಆನಂದ್ ಅವರನ್ನು ಸೋಲಿಸಿ ಕಾರ್ಲ್‌ಸನ್ ಕಿರೀಟ ಗೆದ್ದರು. ಆ ಪಂದ್ಯ ನೋಡಲು ಬಂದ ಪ್ರೇಕ್ಷಕರಲ್ಲಿ ಏಳು ವರ್ಷದ ಒಬ್ಬ ಹುಡುಗನೂ ಇದ್ದ. ಹೆಸರು ಗುಕೇಶ್. ಆಮೇಲೆ ಕಾರ್ಲ್‌ಸನ್ 2014, 2016, 2018, 2021ರಲ್ಲಿ ನಾಲ್ಕು ಸಲ ಕಿರೀಟ ಉಳಿಸಿಕೊಂಡರು. 2018ರಲ್ಲಂತೂ ಅಮೆರಿಕದ ಫ್ಯಾಬಿಯಾನೊ ಕರುವಾನಾ ಜೊತೆ ಆಡಿದ ಹನ್ನೆರಡೂ ಆಟ ಡ್ರಾ. ಕೊನೆಗೆ ವೇಗದ ಆಟದ ಟೈಬ್ರೇಕ್‌ನಲ್ಲಿ ಇತ್ಯರ್ಥ ಆಯಿತು.

ಇಂಥ ಒಂದು ಪಂದ್ಯಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು. ಸಹಾಯಕರ ತಂಡ ಕಟ್ಟಿಕೊಂಡು, ಕಂಪ್ಯೂಟರ್ ಎದುರು ಕೂತು, ಒಬ್ಬನೇ ಎದುರಾಳಿಯ ಮೇಲೆ ಸಂಶೋಧನೆ ಮಾಡಬೇಕು. 2022ರ ಜುಲೈನಲ್ಲಿ ಕಾರ್ಲ್‌ಸನ್ ತಮಗೆ ಇದರಲ್ಲಿ ಆಸಕ್ತಿ ಉಳಿದಿಲ್ಲ, ಮತ್ತೊಂದು ಪಂದ್ಯ ಆಡುವುದಿಲ್ಲ ಎಂದುಬಿಟ್ಟರು. ಚೆಸ್ ಆಡುವುದನ್ನು ಬಿಡಲಿಲ್ಲ, ಗದೆಯ ಕುಸ್ತಿಯನ್ನು ಮಾತ್ರ ಬಿಟ್ಟರು. ಹಿಂದೆ 1975ರಲ್ಲಿ ಬಾಬಿ ಫಿಷರ್ ಕೂಡ ಪಂದ್ಯಕ್ಕೆ ಬರಲಿಲ್ಲ. ಆಗ ಅನತೋಲಿ ಕಾರ್ಪೋವ್ ಒಂದೂ ನಡೆ ಆಡದೆ ಚಾಂಪಿಯನ್ ಆಗಿದ್ದರು.

ಕಾರ್ಲ್‌ಸನ್ ಹಿಂದೆ ಸರಿದಾಗ ಫಿಡೆ, ಅರ್ಹತಾ ಟೂರ್ನಿಯಲ್ಲಿ ಮೊದಲ ಮತ್ತು ಎರಡನೇ ಸ್ಥಾನ ಪಡೆದ ರಷ್ಯಾದ ಇಯಾನ್ ನೆಪೊಮ್ನಿಯಾಚಿ ಮತ್ತು ಡಿಂಗ್ ಅವರನ್ನು ಎದುರುಬದುರು ಕೂರಿಸಿತು. 2023ರ ಏಪ್ರಿಲ್‌ನಲ್ಲಿ ಅಸ್ತಾನಾದಲ್ಲಿ ಡಿಂಗ್ ಟೈಬ್ರೇಕ್‌ನಲ್ಲಿ ಗೆದ್ದು 17ನೇ ವಿಶ್ವ ಚಾಂಪಿಯನ್ ಆದರು. ಅವರನ್ನು ಸೋಲಿಸಿದ ಗುಕೇಶ್ 18ನೆಯವರು.

ಹಾಗಾದರೆ ಗುಕೇಶ್ ಕಿರೀಟದ ತೂಕ ಕಡಿಮೆಯೇ? ಈ ಜಗಳ ಚೆಸ್ ಪ್ರಿಯರಲ್ಲಿ ಯಾವಾಗಲೂ ಇದ್ದದ್ದೇ. ನಿಯಮ ಹೇಳುವುದು ಒಂದೇ ಮಾತು: ಕಣಕ್ಕೆ ಬಂದವರಲ್ಲಿ ಗೆದ್ದವನಿಗೆ ಗದೆ. ಬರದವನನ್ನು ಸೋಲಿಸುವುದು ಹೇಗೆ ಅಲ್ವಾ?

ಸವಾಲು ಹಾಕುವವರನ್ನು ಆರಿಸುವುದು ಹೇಗೆ?

ಚಾಂಪಿಯನ್‌ಗೆ ಸವಾಲು ಹಾಕುವ ಹಕ್ಕು ಸಿಗುವುದು ಕ್ಯಾಂಡಿಡೇಟ್ಸ್ ಟೂರ್ನಿ ಗೆದ್ದವರಿಗೆ. ಎಂಟು ಆಟಗಾರರು. ಪ್ರತಿಯೊಬ್ಬರೂ ಉಳಿದ ಏಳು ಮಂದಿಯ ಜೊತೆ ಎರಡೆರಡು ಸಲ ಆಡುತ್ತಾರೆ, ಒಮ್ಮೆ ಬಿಳಿ ಕಾಯಿಯಲ್ಲಿ, ಒಮ್ಮೆ ಕಪ್ಪು ಕಾಯಿಯಲ್ಲಿ. ಒಟ್ಟು 14 ಸುತ್ತು. ಎರಡನೇ ಸ್ಥಾನಕ್ಕೆ ಇಲ್ಲಿ ಬೆಲೆಯಿಲ್ಲ. 2022ರಲ್ಲಿ ಡಿಂಗ್‌ಗೆ ಸಿಕ್ಕಿದ್ದು ಅಪರೂಪದ ಅದೃಷ್ಟ.

2024ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ 17 ವರ್ಷದ ಗುಕೇಶ್ 9 ಅಂಕ ಗಳಿಸಿ ಈ ಟೂರ್ನಿ ಗೆದ್ದರು. ಅವರ ಹಿಂದೆ ಅರ್ಧ ಅಂಕದಲ್ಲಿ ಮೂವರು: ಕರುವಾನಾ, ನೆಪೊಮ್ನಿಯಾಚಿ, ಅಮೆರಿಕದ ಹಿಕಾರು ನಕಾಮುರ.

ಈ ಎಂಟು ಮಂದಿಯೊಳಗೆ ಸೇರುವುದೇ ದೊಡ್ಡ ಸಾಹಸ. 2026ರ ಕ್ಯಾಂಡಿಡೇಟ್ಸ್‌ಗೆ ಯಾರು ಯಾವ ದಾರಿಯಿಂದ ಬಂದರು ಎಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೂರು ಸ್ಥಾನ ಗೋವಾ ವಿಶ್ವಕಪ್‌ನಿಂದ. ಅಲ್ಲಿ 206 ಆಟಗಾರರಿದ್ದರು. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಕೊನೆಗೆ ಉಳಿದವರು ಉಜ್ಬೇಕಿಸ್ತಾನದ 19 ವರ್ಷದ ಜಾವೋಖಿರ್ ಸಿಂದರೋವ್, ಚೀನಾದ ವೀ ಯಿ, ಮೂರನೆಯವರಾಗಿ ಆಂಡ್ರೆ ಎಸಿಪೆಂಕೊ. ನಮ್ಮ ಅರ್ಜುನ್ ಕ್ವಾರ್ಟರ್ ಫೈನಲ್‌ನಲ್ಲಿ ವೀ ಯಿ ಅವರಿಗೆ ಸೋತರು. ಮುಂಚೆ 2801 ರೇಟಿಂಗ್ ಮುಟ್ಟಿದ್ದವರು ಎಂಟರ ಪಟ್ಟಿಗೆ ಬರಲಿಲ್ಲ! ರೇಟಿಂಗ್ ಬೇರೆ, ಕಿರೀಟದ ದಾರಿ ಬೇರೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಎರಡು ಸ್ಥಾನ ಸಮರ್‌ಕಂದ್‌ನಲ್ಲಿ ನಡೆದ ಗ್ರ್ಯಾಂಡ್ ಸ್ವಿಸ್‌ನಿಂದ. ಅವು ನೆದರ್‌ಲ್ಯಾಂಡ್ಸ್‌ನ ಅನೀಶ್ ಗಿರಿ ಮತ್ತು ಜರ್ಮನಿಯ ಮಥಿಯಾಸ್ ಬ್ಲೂಬಾಮ್ ಪಾಲಾದವು. ‘ಸ್ವಿಸ್’ ಅಂದರೆ ಯಾರೂ ಹೊರಬೀಳದ ಪದ್ಧತಿ. ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಸಮಾನ ಅಂಕ ಇರುವವರನ್ನು ಜೋಡಿ ಮಾಡುತ್ತಾರೆ. ನಮ್ಮ ಜಿಲ್ಲಾ ಮಟ್ಟದ ಟೂರ್ನಿಗಳು ನಡೆಯುವುದೂ ಸಾಮಾನ್ಯವಾಗಿ ಹೀಗೇ. ಇನ್ನೆರಡು ಸ್ಥಾನ ವರ್ಷವಿಡೀ ಬೇರೆ ಬೇರೆ ಟೂರ್ನಿಗಳಲ್ಲಿ ಚೆನ್ನಾಗಿ ಆಡಿದವರಿಗೆ. 2024ರ ಲೆಕ್ಕದಲ್ಲಿ ಕರುವಾನಾ, 2025ರ ಲೆಕ್ಕದಲ್ಲಿ ಚೆನ್ನೈನ ಆರ್. ಪ್ರಜ್ಞಾನಂದ.

ಕೊನೆಯ ಒಂದು ಸ್ಥಾನ ರೇಟಿಂಗ್‌ಗೆ. ಅದನ್ನು ಪಡೆದವರು ನಕಾಮುರ. ಇಲ್ಲೊಂದು ತಮಾಷೆ ಇದೆ. ಈ ಸ್ಥಾನಕ್ಕೆ ಸುಮ್ನೆ ರೇಟಿಂಗ್ ಇದ್ದರೆ ಸಾಲದು, ಕನಿಷ್ಠ 40 ಆಟ ಆಡಿರಬೇಕು. ನಕಾಮುರ ಅಷ್ಟು ಆಡಿರಲಿಲ್ಲ. ಹಾಗಾಗಿ ಅಮೆರಿಕದ ಲೂಸಿಯಾನಾ, ಐಯೊವಾ ಮುಂತಾದ ಕಡೆ ಸ್ಥಳೀಯ ಟೂರ್ನಿಗಳಿಗೆ ಹೋಗಿ, ತಮಗಿಂತ ನೂರಾರು ಅಂಕ ಕೆಳಗಿರುವವರ ಜೊತೆ ಆಡಿ ಸಂಖ್ಯೆ ತುಂಬಿಸಿದರು. ಕೆಲವರು ಹುಬ್ಬೇರಿಸಿದರು. ಆದರೆ ಗೋಲಿ ಲೆಕ್ಕ ನೆನಪಿದೆಯಲ್ಲ? ಒಂಬತ್ತು ಇಟ್ಟು ಒಂದು ಗೆಲ್ಲುವ ಆಟ ಅದು. ಒಂದೇ ಒಂದು ಡ್ರಾ ಆದರೂ ನಾಲ್ಕು ಗೆಲುವಿನ ಲಾಭ ಹೋಯಿತು.

ಗಡಿಯಾರ ಬದಲಾದರೆ ಆಟವೇ ಬದಲು

ಕಾರ್ಲ್‌ಸನ್ ಚಾಂಪಿಯನ್ ಅಲ್ಲ ಎಂದೆ. ಆದರೆ 2025ರ ಡಿಸೆಂಬರ್‌ನಲ್ಲಿ ದೋಹಾದಲ್ಲಿ ಅವರು ಎರಡು ವಿಶ್ವ ಕಿರೀಟ ಗೆದ್ದರು. ಇದು ಸುಳ್ಳಲ್ಲ. ಆ ಕಿರೀಟಗಳು ರ‍್ಯಾಪಿಡ್ ಮತ್ತು ಬ್ಲಿಟ್ಜ್ ಆಟದವು. ಟೆಸ್ಟ್, ಒಂದು ದಿನದ ಪಂದ್ಯ, ಟಿ20 ಇದ್ದ ಹಾಗೆ ಚೆಸ್‌ನಲ್ಲೂ ಮೂರು ವೇಗಗಳಿವೆ.

ಕ್ಲಾಸಿಕಲ್ ನಮ್ಮ ಟೆಸ್ಟ್. ಸಿಂಗಪುರದಲ್ಲಿ ಒಬ್ಬೊಬ್ಬರಿಗೂ ಮೊದಲ 40 ನಡೆಗೆ ಎರಡು ಗಂಟೆ, ಆಮೇಲೆ ಅರ್ಧ ಗಂಟೆ, 41ನೇ ನಡೆಯಿಂದ ಪ್ರತಿ ನಡೆಗೂ 30 ಸೆಕೆಂಡ್ ಸೇರ್ಪಡೆ ಇತ್ತು. ಒಂದು ಆಟ ಐದಾರು ಗಂಟೆ ಹೋಗಬಹುದು. ವಿಶ್ವ ರ‍್ಯಾಪಿಡ್‌ನಲ್ಲಿ ಒಬ್ಬರಿಗೆ 15 ನಿಮಿಷ, ನಡೆಗೆ 10 ಸೆಕೆಂಡ್ ಸೇರ್ಪಡೆ. ಬ್ಲಿಟ್ಜ್‌ನಲ್ಲಿ ಬರೀ 3 ನಿಮಿಷ ಮತ್ತು 2 ಸೆಕೆಂಡ್. ಮೂರಕ್ಕೂ ಬೇರೆ ಬೇರೆ ರೇಟಿಂಗ್ ಪಟ್ಟಿ. ‘ವಿಶ್ವ ಚಾಂಪಿಯನ್’ ಎಂದು ಹಿಂದೆಮುಂದೆ ಏನೂ ಸೇರಿಸದೆ ಹೇಳಿದರೆ ಅದು ಕ್ಲಾಸಿಕಲ್.

ವೇಗ ಹೆಚ್ಚಾದಷ್ಟೂ ತಯಾರಿಗಿಂತ ಕಣ್ಣಿನ ಚುರುಕು, ಅನುಭವ ಮುಖ್ಯವಾಗುತ್ತದೆ. ಆದರೆ ಗಡಿಯಾರ ಕ್ಲಾಸಿಕಲ್‌ನಲ್ಲೂ ಯಾರನ್ನೂ ಬಿಡುವುದಿಲ್ಲ. 2025ರ ಜೂನ್ 1ರಂದು ನಾರ್ವೆಯ ಸ್ಟಾವಂಗರ್‌ನಲ್ಲಿ ಕಾರ್ಲ್‌ಸನ್ ಗುಕೇಶ್ ವಿರುದ್ಧ ಗೆಲ್ಲುವ ಸ್ಥಿತಿಯಲ್ಲಿದ್ದರು. ಸಮಯ ಕಡಿಮೆಯಾಗುತ್ತಾ ಬಂತು. ಒಂದು ತಪ್ಪು ನಡೆ. ಆಟ ತಿರುಗಿತು. ಕ್ಲಾಸಿಕಲ್‌ನಲ್ಲಿ ಗುಕೇಶ್ ಅವರಿಗೆ ಕಾರ್ಲ್‌ಸನ್ ಮೇಲೆ ಅದೇ ಮೊದಲ ಗೆಲುವು. ಕಾರ್ಲ್‌ಸನ್ ಮೇಜಿಗೆ ಗುದ್ದಿದ ವಿಡಿಯೊ ಚೆಸ್ ಗೊತ್ತಿಲ್ಲದವರ ಫೋನ್‌ಗಳಲ್ಲೂ ಓಡಾಡಿತು. ಆ ಟೂರ್ನಿಯನ್ನು ಕೊನೆಗೆ ಗೆದ್ದವರು ಕಾರ್ಲ್‌ಸನ್ನೇ ಎಂಬ ವಿಷಯ ಅಷ್ಟಾಗಿ ಓಡಾಡಲಿಲ್ಲ.

ಆ ಟೂರ್ನಿಯಲ್ಲಿ ‘ಆರ್ಮಗೆಡನ್’ ಎಂಬ ವಿಚಿತ್ರ ಪದ್ಧತಿಯೂ ಇದೆ. ಕ್ಲಾಸಿಕಲ್ ಆಟ ಡ್ರಾ ಆದರೆ ಕೂಡಲೇ ಇನ್ನೊಂದು ಚುಟುಕು ಆಟ. ಬಿಳಿ ಕಾಯಿಯವರಿಗೆ 10 ನಿಮಿಷ, ಕಪ್ಪಿನವರಿಗೆ 7. ಆದರೆ ಅದೂ ಡ್ರಾ ಆದರೆ ಕಪ್ಪು ಗೆದ್ದಂತೆ. ಯಾರಾದರೂ ಒಬ್ಬರು ಸೋಲಲೇಬೇಕು.

ಕೊನೆಗೆ ಆ ಹದಿನಾಲ್ಕನೇ ಆಟ

ಇಷ್ಟೆಲ್ಲ ಯಾಕೆ ಬೇಕು? ಡ್ರಾಗಳಿಂದಾಗಿ. ಮೇಲಿನ ಮಟ್ಟದಲ್ಲಿ ಇಬ್ಬರೂ ತಪ್ಪು ಮಾಡದಿದ್ದರೆ ಚೆಸ್ ಆಟ ಸಾಮಾನ್ಯವಾಗಿ ಡ್ರಾ ಆಗುತ್ತದೆ. ಗೆಲ್ಲಬೇಕಾದರೆ ಯಾರಾದರೂ ಎಡವಬೇಕು. ಗಂಟೆಗಟ್ಟಲೆ ಒತ್ತಡ ಹಾಕುತ್ತಾ ಎದುರಾಳಿ ಎಡವುವುದನ್ನು ಕಾಯುವುದೂ ಒಂದು ಕಲೆ.

ಸಿಂಗಪುರದಲ್ಲಿ 13 ಆಟ ಮುಗಿದಾಗ ಇಬ್ಬರಿಗೂ 6.5 ಅಂಕ. ಡಿಂಗ್ ಮೊದಲ ಆಟವನ್ನು ಮತ್ತು ಹನ್ನೆರಡನೆಯದನ್ನು ಗೆದ್ದಿದ್ದರು. ಗುಕೇಶ್ ಮೂರನೆಯದನ್ನು ಮತ್ತು ಹನ್ನೊಂದನೆಯದನ್ನು. ಹದಿನಾಲ್ಕನೆಯದೂ ಡ್ರಾ ಆದರೆ ಮಾರನೆಯ ದಿನ ರ‍್ಯಾಪಿಡ್ ಟೈಬ್ರೇಕ್. ಅಲ್ಲಿ ಡಿಂಗ್ ಅನುಭವಕ್ಕೆ ಮೇಲುಗೈ ಇರಬಹುದು ಎಂದು ಹಲವರು ಲೆಕ್ಕ ಹಾಕಿದ್ದರು.

ಬಿಳಿ ಕಾಯಿ ಡಿಂಗ್ ಅವರದು. ಬೋರ್ಡ್ ಬಹುತೇಕ ಖಾಲಿಯಾಗಿತ್ತು. ಇಬ್ಬರ ಬಳಿಯೂ ಒಂದು ಆನೆ, ಒಂದು ಒಂಟೆ. ಗುಕೇಶ್ ಹತ್ತಿರ ಕಾಲಾಳು ಮಾತ್ರ ಒಂದು ಜಾಸ್ತಿ. ಇಂಥ ಸ್ಥಿತಿಯನ್ನು ದೊಡ್ಡ ಆಟಗಾರರು ಸಾಮಾನ್ಯವಾಗಿ ಡ್ರಾ ಮಾಡಿಕೊಳ್ಳುತ್ತಾರೆ. ಆದರೂ ಗುಕೇಶ್ ಬಿಡದೆ ಆಡಿಸುತ್ತಿದ್ದರು.

55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಗುಕೇಶ್ ಆನೆಗೆ ಎದುರಾಗಿ ಇಟ್ಟರು. ಆನೆ ಬದಲಾಯಿಸಿಕೊಂಡರೆ ಡ್ರಾ ಹತ್ತಿರವಾಗುತ್ತದೆ ಎಂಬ ಎಣಿಕೆ. ಸಮಸ್ಯೆ ಇದ್ದದ್ದು ಅವರ ಒಂಟೆಯಲ್ಲಿ. ಅದು ಬೋರ್ಡಿನ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಆನೆಗಳು ಹೋದ ಮೇಲೆ ಗುಕೇಶ್ ತಮ್ಮ ಒಂಟೆಯನ್ನು ಅದರ ದಾರಿಗೆ ಅಡ್ಡ ಇಟ್ಟರೆ ಮುಗಿಯಿತು, ಅದಕ್ಕೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಒಂಟೆಗಳೂ ಹೋಗುತ್ತವೆ. ಆಮೇಲೆ ಉಳಿಯುವುದು ರಾಜರು ಮತ್ತು ಕಾಲಾಳುಗಳು. ಆಗ ಆ ಒಂದು ಕಾಲಾಳು ನಡೆದುಕೊಂಡು ಹೋಗಿ ಮಂತ್ರಿಯಾಗುವುದನ್ನು ತಡೆಯಲು ಯಾರೂ ಇರುವುದಿಲ್ಲ.

ಗುಕೇಶ್ ಮೊದಲು ನಂಬಲಿಲ್ಲ. ಬೋರ್ಡ್ ನೋಡಿದರು. ಮತ್ತೆ ನೋಡಿದರು. ಕಣ್ಣು ಅಗಲವಾದವು. ನೀರು ಕುಡಿದರು. ಆಮೇಲೆ ಆನೆ ಹೊಡೆದರು. ಮೂರು ನಡೆಗಳ ನಂತರ ಡಿಂಗ್ ಸೋಲೊಪ್ಪಿ ಕೈ ಚಾಚಿದರು.

ಡಿಂಗ್ ಎದ್ದು ಹೋದ ಮೇಲೆ ಹುಡುಗ ಅಳುತ್ತಾ ಅಲ್ಲೇ ಕೂತಿದ್ದ. ಅಳುತ್ತಲೇ ಚೆಲ್ಲಾಪಿಲ್ಲಿಯಾದ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಮೊದಲ ನಡೆಗೆ ಮುಂಚೆ ಇರುವ ಹಾಗೆ ಬೋರ್ಡಿನ ಮೇಲೆ ಸರಿಯಾಗಿ ಜೋಡಿಸಿಟ್ಟ.